ಕಾಗದದ ಗೆರೆ, ಪರದೆಯ ಬಣ್ಣ

ಚಿತ್ರ ಬರೆಯುವವರು ತಮ್ಮತಮ್ಮಲ್ಲಿ ಆಗಾಗ ಆಡಿಕೊಳ್ಳುವ ಮಾತೊಂದಿದೆ: ಪೆನ್ಸಿಲ್ ಕರಡಿನಲ್ಲಿದ್ದ ಲವಲವಿಕೆ ಮುಗಿದ ಚಿತ್ರದಲ್ಲಿ ಉಳಿದಿಲ್ಲ. ಕಾಗದದ ಮೇಲೆ ಕೈಯಿಂದ ಬರೆದು, ಅದನ್ನು ಸ್ಕ್ಯಾನ್ ಮಾಡಿ, ಆಮೇಲೆ ಪರದೆಯ ಮೇಲೆ ಗೆರೆ ತಿದ್ದಿ ಬಣ್ಣ ತುಂಬುವ ನನ್ನಂಥವರಿಗೆ ಈ ಅನುಭವ ಇನ್ನಷ್ಟು ಸ್ಪಷ್ಟವಾಗಿ ಎದುರಾಗುತ್ತದೆ. ಏಕೆಂದರೆ ನಮ್ಮ ಬಳಿ ಕರಡೂ ಉಳಿದಿರುತ್ತದೆ, ಮುಗಿದ ಚಿತ್ರವೂ ಇರುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು. ಹಾಗೆ ಇಟ್ಟು ನೋಡಿದಾಗ ಮುಗಿದ ಚಿತ್ರದಲ್ಲಿ ಅಳತೆ ಸರಿಯಿರುತ್ತದೆ, ಬಣ್ಣ ಹೊಂದಿರುತ್ತದೆ, ಅಂಚುಗಳು ಅಚ್ಚುಕಟ್ಟಾಗಿರುತ್ತವೆ. ಆದರೂ ಕಣ್ಣು ಮತ್ತೆ ಮತ್ತೆ ಕರಡಿನ ಕಡೆಗೇ ಹೊರಳುತ್ತದೆ. ಈ ಸಂಗತಿ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ.

ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ, ಕೈ ಎಂದರೆ ಜೀವ, ಯಂತ್ರ ಎಂದರೆ ಜಡ ಎಂಬುದು. ಆ ಉತ್ತರವನ್ನು ನಾನು ಒಪ್ಪುವುದಿಲ್ಲ. ಕಂಪ್ಯೂಟರ್ ಬರುವುದಕ್ಕೆ ಮೊದಲೂ ಚಿತ್ರಕಾರರು ಕರಡನ್ನು ಲೈಟ್ ಬಾಕ್ಸಿನ ಮೇಲೆ ಹಾಸಿ, ಅದರ ಮೇಲೆ ಇನ್ನೊಂದು ಹಾಳೆಯಿಟ್ಟು, ಕೆಳಗಿನಿಂದ ಬರುವ ಬೆಳಕಿನಲ್ಲಿ ನಿಬ್ಬಿನಿಂದ ಗೆರೆ ಎತ್ತುತ್ತಿದ್ದರು. ಆಗಲೂ ಇದೇ ಕಳೆದುಹೋಗುವಿಕೆ ಇತ್ತು, ಇದೇ ಕೊರಗೂ ಇತ್ತು. ಅಲ್ಲಿ ಯಂತ್ರವಿರಲಿಲ್ಲ, ಪೆನ್ಸಿಲ್ ಹಿಡಿದ ಕೈಯೇ ನಿಬ್ಬನ್ನೂ ಹಿಡಿದಿತ್ತು. ಹಾಗಿದ್ದರೆ ನಷ್ಟವಾಗುವುದು ಉಪಕರಣ ಬದಲಾದುದರಿಂದಲ್ಲ. ಕರಡಿನಿಂದ ಮುಂದಿನ ಹಂತಕ್ಕೆ ಹೋಗುವಾಗ ನಾವು ಏನನ್ನು ಒಯ್ಯುತ್ತೇವೆ, ಏನನ್ನು ಹಿಂದೆ ಬಿಡುತ್ತೇವೆ ಎಂಬುದರಲ್ಲೇ ಅದರ ಕಾರಣ ಇರಬೇಕು.

ಈ ವಿಚಾರ ನನಗೆ ಕಣ್ಣಿಗೆ ಕಟ್ಟಿದಂತೆ ತಿಳಿದದ್ದು ಒಂದು ಕಾಗೆಯ ಚಿತ್ರ ಬರೆಯುವಾಗ. ಮಕ್ಕಳ ಪುಸ್ತಕವೊಂದಕ್ಕಾಗಿ, ಗೋಡೆಯ ಅಂಚಿನಿಂದ ಆಗತಾನೆ ಮೇಲೇಳುತ್ತಿರುವ ಕಾಗೆ ಬೇಕಾಗಿತ್ತು. ಹಾರುವುದಕ್ಕೆ ಮುಂಚೆ ಕಾಗೆ ಒಂದು ಗಳಿಗೆ ಕುಗ್ಗುತ್ತದೆ. ಕಾಲು ಮಡಿಚಿ, ಕತ್ತು ಮುಂದೆ ಚಾಚಿ, ರೆಕ್ಕೆಯನ್ನು ಮೈಯಿಂದ ಅರ್ಧ ಬಿಡಿಸಿಕೊಳ್ಳುತ್ತದೆ. ಆ ಅರ್ಧ ಬಿಚ್ಚಿದ ರೆಕ್ಕೆಯನ್ನು ಹಿಡಿಯಲು ಮೆತ್ತನೆಯ ಪೆನ್ಸಿಲಿನಿಂದ ಒಂದರ ಮೇಲೊಂದು ಗೆರೆ ಹಾಕುತ್ತ ಹೋಗಿದ್ದೆ. ಸ್ಕ್ಯಾನ್ ಮಾಡಿ, ಹೊಸ ಲೇಯರಿನಲ್ಲಿ, ಅಂದರೆ ಪರದೆಯಲ್ಲಿ ಕರಡಿನ ಮೇಲೆ ಹಾಸುವ ಪಾರದರ್ಶಕ ಪದರದಲ್ಲಿ, ಇದೇ ಸರಿಯಾದ ಗೆರೆ ಎಂದು ತೋರಿದ್ದನ್ನು ಆರಿಸಿ ಸ್ವಚ್ಛವಾಗಿ ಎತ್ತಿದೆ. ಕರಡಿನ ಲೇಯರನ್ನು ಮರೆಮಾಡಿದಾಗ ಕಾಗೆ ನಿಂತುಬಿಟ್ಟಿತು. ಕೊಕ್ಕು ಸರಿಯಿತ್ತು, ರೆಕ್ಕೆಯ ಕೋನ ಸರಿಯಿತ್ತು, ಆದರೆ ಹಾರುವ ಉದ್ದೇಶ ಇರಲಿಲ್ಲ. ಹೋಲಿಸಿ ನೋಡಲೆಂದು ಲೇಯರನ್ನು ತೋರಿಸುವ-ಮರೆಮಾಡುವ ಕಣ್ಣಿನ ಗುರುತನ್ನು ಒತ್ತಿ ಕರಡನ್ನು ಮರಳಿ ತಂದೆ. ಎರಡೂ ಒಟ್ಟಿಗೆ ಕಾಣಿಸಿದ ಕ್ಷಣದಲ್ಲಿ ಕಾಗೆ ಮೇಲೆದ್ದಿತು. ಮರೆಮಾಡಿದರೆ ನಿಲ್ಲುತ್ತಿತ್ತು, ತೋರಿಸಿದರೆ ಏಳುತ್ತಿತ್ತು. ನಾನು ಆರಿಸಿದ ಗೆರೆ ತಪ್ಪಾಗಿರಲಿಲ್ಲ. ಆದರೆ ಆರಿಸದೆ ಬಿಟ್ಟ ಗೆರೆಗಳೆಲ್ಲ ಸೇರಿ ಹೇಳುತ್ತಿದ್ದ ಮಾತನ್ನು ಅದೊಂದೇ ಹೇಳಲಾರದು.

ಕರಡಿನಲ್ಲಿ ರೆಕ್ಕೆ ಒಂದೇ ಜಾಗದಲ್ಲಿ ಇರುವುದಿಲ್ಲ. ಅದು ಹಿಂದಿನ ಗಳಿಗೆಯಲ್ಲಿ ಎಲ್ಲಿತ್ತೋ, ಮುಂದಿನ ಗಳಿಗೆಯಲ್ಲಿ ಎಲ್ಲಿರಬಹುದೋ ಆ ಎರಡರ ನಡುವೆ ಹಲವು ಕಡೆ ಇರುತ್ತದೆ. ನೋಡುವವರ ಕಣ್ಣು ಆ ಗೆರೆಗಳಲ್ಲಿ ಒಂದನ್ನು ಹಿಡಿದು, ಬಿಟ್ಟು, ಇನ್ನೊಂದಕ್ಕೆ ಸರಿಯುತ್ತದೆ, ಮತ್ತು ಆ ಸರಿದಾಟವೇ ಚಲನೆಯಾಗಿ ತೋರುತ್ತದೆ. ಬ್ರಿಟಿಷ್ ಮ್ಯೂಸಿಯಂನಲ್ಲಿ ಲಿಯೊನಾರ್ಡೊ ಡ ವಿಂಚಿ ಬರೆದ ಒಂದು ಹಾಳೆಯಿದೆ: ಬೆಕ್ಕನ್ನು ಹಿಡಿದ ಮಗು, ಮಗುವನ್ನು ಹಿಡಿದ ತಾಯಿ. ತಾಯಿಯ ತಲೆ ಅದರಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಇದೆ, ಬೆಕ್ಕೂ ಮಗುವೂ ಗೆರೆಗಳ ಗೋಜಲಿನಲ್ಲಿ ಕೊಸರಾಡುತ್ತಿವೆ. ಅದೇ ಹಾಳೆಯ ಹಿಂಬದಿಯಲ್ಲಿ, ಮುಂಬದಿಯ ಗೆರೆಗಳನ್ನು ಆಚೆಯಿಂದ ಎತ್ತಿಕೊಂಡು ಅದೇ ಚಿತ್ರವನ್ನು ಹೊರಳಿಸಿ ಮತ್ತೆ ಬರೆದಿದ್ದಾನೆ. ಚಿತ್ರಕಾರರು ಮೊದಲ ಕರಡಿನಲ್ಲಿ ಅಂಗಾಂಗಗಳನ್ನು ಗಟ್ಟಿಯಾದ ಹೊರಗೆರೆಯಲ್ಲಿ ಬಂಧಿಸಿಬಿಡಬಾರದು ಎಂಬರ್ಥದ ಸಲಹೆಯನ್ನೂ ಅವನು ಬರೆದಿಟ್ಟಿದ್ದಾನೆ. ನಾವು ಇಂದು ಲೇಯರುಗಳಲ್ಲಿ ಮಾಡುವ ಕೆಲಸವನ್ನು ಅವನು ಒಂದು ಹಾಳೆಯ ಎರಡು ಮುಖಗಳಲ್ಲಿ ಮಾಡಿದ. ವ್ಯತ್ಯಾಸವೆಂದರೆ ಅವನ ಹಾಳೆಯಲ್ಲಿ ಕರಡನ್ನು ಮರೆಮಾಡುವ ಗುಂಡಿ ಇರಲಿಲ್ಲ.

ಕಾಗದದ ಮೇಲೆ ಗೆರೆ ಕೂರುವ ಬಗೆ

ಪೆನ್ಸಿಲ್ ಗೆರೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಅದು ಅಖಂಡವಾದ ಗೆರೆಯಲ್ಲ ಎಂಬುದು ತಿಳಿಯುತ್ತದೆ. ಕಾಗದದ ಮೇಲ್ಮೈ ಸಣ್ಣ ಸಣ್ಣ ಉಬ್ಬುತಗ್ಗುಗಳಿಂದ ಕೂಡಿರುತ್ತದೆ. ಹಗುರವಾಗಿ ಎಳೆದಾಗ ಗ್ರಾಫೈಟ್ ಕಣಗಳು ಉಬ್ಬುಗಳ ನೆತ್ತಿಗೆ ಮಾತ್ರ ಅಂಟುತ್ತವೆ; ಒತ್ತಡ ಹೆಚ್ಚಿದಂತೆ ತಗ್ಗುಗಳಿಗೂ ಇಳಿಯುತ್ತವೆ. ಆದ್ದರಿಂದ ಗೆರೆ ದಪ್ಪವಾಗುವುದು, ಕಪ್ಪಾಗುವುದು, ಗಟ್ಟಿಯಾಗುವುದು ಮೂರೂ ಬೇರೆಬೇರೆ ಸಂಗತಿಗಳು; ಕೈ ಅವುಗಳನ್ನು ಒಂದೇ ಏಟಿಗೆ ಮಾಡುತ್ತದೆ. ಇದರ ಜೊತೆಗೆ ಪೆನ್ಸಿಲಿನ ಮೊನೆ ಬರೆಯುತ್ತ ಬರೆಯುತ್ತ ಸವೆಯುತ್ತದೆ, ಸವೆದ ಕಡೆ ಚಪ್ಪಟೆಯಾಗುತ್ತದೆ, ಚಪ್ಪಟೆಯಾದದ್ದನ್ನು ಬೆರಳುಗಳು ತಾವಾಗಿಯೇ ತಿರುಗಿಸಿ ಹೊಸ ಅಂಚನ್ನು ಹುಡುಕಿಕೊಳ್ಳುತ್ತವೆ. ಒಂದು ಗಂಟೆ ಬರೆದ ಚಿತ್ರದಲ್ಲಿ ಮೊದಲ ಗೆರೆಗೂ ಕೊನೆಯ ಗೆರೆಗೂ ಉಪಕರಣವೇ ಬೇರೆ ಎನ್ನಬಹುದು.

ಪರದೆಯ ಮೇಲೆ ಬರೆಯುವ ಪೆನ್ನಾದ ಸ್ಟೈಲಸ್ಸಿನ ಜಗತ್ತು ಬೇರೆ. ಇಂದಿನ ಒಳ್ಳೆಯ ಟ್ಯಾಬ್ಲೆಟ್ಟುಗಳು ಕೈಯ ಒತ್ತಡವನ್ನು 8192 ಹಂತಗಳಲ್ಲಿ ಅಳೆಯುತ್ತವೆ, ಪೆನ್ನು ಎಷ್ಟು ವಾಲಿದೆ ಎಂಬುದನ್ನೂ ಗುರುತಿಸುತ್ತವೆ. ಈ ಅಂಕಿಯನ್ನು ನೋಡಿ ಮರುಳಾಗಬೇಕಾದ್ದಿಲ್ಲ; ನಮ್ಮ ಕೈಗೆ ಅಷ್ಟು ಹಂತಗಳ ವ್ಯತ್ಯಾಸ ತಿಳಿಯುವುದಿಲ್ಲ. ಮುಖ್ಯವಾದದ್ದು ಒತ್ತಡಕ್ಕೂ ಗೆರೆಗೂ ನಡುವೆ ತಂತ್ರಾಂಶ ಹಾಕುವ ಲೆಕ್ಕ, ಅಂದರೆ ಎಷ್ಟು ಒತ್ತಿದರೆ ಎಷ್ಟು ದಪ್ಪ ಎಂಬ ವಕ್ರರೇಖೆ. ಅದನ್ನು ಪ್ರತಿಯೊಬ್ಬರೂ ತಮ್ಮ ಕೈಗೆ ಹೊಂದಿಸಿಕೊಳ್ಳಲೇಬೇಕು. ಹುಟ್ಟಾ ಭಾರವಾದ ಕೈಯಿರುವವರು ಇದ್ದ ಹೊಂದಾಣಿಕೆಯಲ್ಲೇ ಬರೆದರೆ ಗೆರೆಗಳೆಲ್ಲ ಗರಿಷ್ಠ ದಪ್ಪಕ್ಕೆ ಹೋಗಿ ಕೂರುತ್ತವೆ. ಇನ್ನೊಂದು ವಿಷಯ ಗಾಜಿನ ನುಣುಪು. ಕಾಗದ ಮೊನೆಯನ್ನು ಸ್ವಲ್ಪ ತಡೆಯುತ್ತದೆ, ಆ ತಡೆಯ ವಿರುದ್ಧ ಕೈ ತನ್ನ ವೇಗವನ್ನು ನಿರ್ಧರಿಸಿಕೊಳ್ಳುತ್ತದೆ. ಗಾಜು ಹಾಗೆ ತಡೆಯುವುದಿಲ್ಲ. ಪರದೆಯ ಮೇಲೆ ಅಂಟಿಸುವ ಒರಟು ಫಿಲ್ಮ್ ಈ ಕೊರತೆಯನ್ನು ಭಾಗಶಃ ತುಂಬುತ್ತದೆ, ಆದರೆ ಸ್ಟೈಲಸ್ಸಿನ ತುದಿಯನ್ನು ಬೇಗ ಸವೆಸುತ್ತದೆ. ಮೂರನೆಯದು, ನಡುಗುವ ಗೆರೆಯನ್ನು ತಾನೇ ನಯಗೊಳಿಸುವ ಸ್ಟೆಬಿಲೈಸರ್. ಉದ್ದನೆಯ ಬಾಗುಗೆರೆಗೆ ಅದು ನಿಜವಾಗಿಯೂ ಉಪಕಾರಿ. ಆದರೆ ಹಕ್ಕಿಯ ಕಾಲಿನಂಥ, ಮುದುಕರ ಕುತ್ತಿಗೆಯಂಥ ಕಡೆಗಳಲ್ಲಿ ಕೈ ತಡವರಿಸುವುದು ನೋಟದ ಭಾಗವೇ ಆಗಿರುತ್ತದೆ. ಅಲ್ಲಿ ನಾನು ಸ್ಟೆಬಿಲೈಸರನ್ನು ಪೂರ್ತಿ ನಿಲ್ಲಿಸಿಡುತ್ತೇನೆ.

ಇಷ್ಟನ್ನು ಹೇಳಿದ್ದು ಪೆನ್ಸಿಲನ್ನು ಮೇಲೇರಿಸಿ ಸ್ಟೈಲಸ್ಸನ್ನು ಕೆಳಗಿಳಿಸುವುದಕ್ಕಲ್ಲ. ಪೆನ್ಸಿಲಿನಂತೆ ಕಾಣುವ ಡಿಜಿಟಲ್ ಬ್ರಷ್ಷುಗಳ ಬಗ್ಗೆ ಮಾತ್ರ ನನಗೆ ಒಲವಿಲ್ಲ. ಅಂಥ ಬ್ರಷ್ಷುಗಳಲ್ಲಿ ಕಾಗದದ ಒರಟುತನವೆಂದು ಕಾಣುವುದು ಬಹುಮಟ್ಟಿಗೆ ಒಂದೇ ಸಣ್ಣ ಮಾದರಿಯ ಪುನರಾವರ್ತನೆ; ದೊಡ್ಡ ಜಾಗ ತುಂಬಿದಾಗ ಆ ಪುನರಾವರ್ತನೆ ಕಣ್ಣಿಗೆ ಬಿದ್ದೇ ಬೀಳುತ್ತದೆ. ಪೆನ್ಸಿಲ್ ಬೇಕಾದಾಗ ಪೆನ್ಸಿಲನ್ನೇ ಹಿಡಿದು, ಪರದೆಗೆ ಮಾತ್ರ ಸಾಧ್ಯವಾದದ್ದನ್ನು ಪರದೆಗೆ ಬಿಡುವುದು ಒಳ್ಳೆಯದು ಎಂಬುದು ನನ್ನ ನಿಲುವು.

ಸ್ಕ್ಯಾನರಿನ ಬಳಿ

ಎರಡು ಮಾಧ್ಯಮಗಳ ನಡುವಿನ ಹೊಸ್ತಿಲು ಸ್ಕ್ಯಾನರ್. ವಿಚಿತ್ರವೆಂದರೆ ಚಿತ್ರಕಾರರು ಅತ್ಯಂತ ಅವಸರದಲ್ಲಿ ದಾಟುವುದೂ ಅದನ್ನೇ. ಹಾಳೆಯನ್ನು ಗಾಜಿನ ಮೇಲಿಟ್ಟು, ಯಂತ್ರ ತಾನೇ ಆರಿಸಿಕೊಂಡ ಹೊಂದಾಣಿಕೆಯಲ್ಲಿ ಗುಂಡಿ ಒತ್ತಿ, ಬಂದ ಚಿತ್ರದಲ್ಲಿ ಕಪ್ಪು-ಬಿಳಿಯ ಮಟ್ಟ ತಿದ್ದುವ ಲೆವೆಲ್ಸ್ ಎಂಬ ಸಾಧನವನ್ನು ತೆರೆದು, ಬಿಳಿಯನ್ನು ಬಿಳಿಯಾಗಿಸಿ ಕಪ್ಪನ್ನು ಕಪ್ಪಾಗಿಸಿ ಮುಂದೆ ಹೋಗುತ್ತೇವೆ. ಕರಡಿನ ಜೀವ ಹೋಗುವುದು ಬಹುಪಾಲು ಈ ಅರ್ಧ ನಿಮಿಷದಲ್ಲಿ.

ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯರಾದ ಒಬ್ಬ ಚಿತ್ರಕಾರ್ತಿಯ ಪಕ್ಕದಲ್ಲಿ ಕುಳಿತು ಅವರು ಕೆಲಸ ಮಾಡುವುದನ್ನು ಒಮ್ಮೆ ನೋಡಿದ್ದೆ. ಒಂದು ಮರದ ಬೇರುಗಳ ಚಿತ್ರ. ಸ್ಕ್ಯಾನ್ ಆಗಿ ಬಂದ ಚಿತ್ರವನ್ನು ಅವರು ತಕ್ಷಣ ತಿದ್ದಲಿಲ್ಲ. ಶೇಕಡಾ 100ರ ಗಾತ್ರಕ್ಕೆ ಹಿಗ್ಗಿಸಿ, ಎಡ ಮೂಲೆಯಿಂದ ಶುರುಮಾಡಿ, ಪುಸ್ತಕ ಓದುವವರಂತೆ ಸಾಲುಸಾಲಾಗಿ ನೋಡುತ್ತ ಬಂದರು. ಒಂದು ಬೇರಿನ ಬಳಿ ರಬ್ಬರಿನಿಂದ ಉಜ್ಜಿದ ಬೂದು ಕಲೆಯಿತ್ತು. ಅಳಿಸಿದ ಗೆರೆಯ ನೆರಳು ಅದರಲ್ಲಿ ಇನ್ನೂ ಕಾಣುತ್ತಿತ್ತು.

"ಇದನ್ನು ತೆಗೆಯುವುದಿಲ್ಲವೇ ಮೇಡಂ?" ಎಂದು ಕೇಳಿದೆ.

"ಯಾಕೆ ತೆಗೆಯಬೇಕು? ಆ ಬೇರು ಮೊದಲು ಈ ಕಡೆ ಹೊರಟಿತ್ತು. ಕಲ್ಲು ಸಿಕ್ಕಿತು, ಆಚೆ ತಿರುಗಿತು. ನಾನು ಬರೆದದ್ದೂ ಹಾಗೆಯೇ. ಇರಲಿ ಬಿಡಿ" ಎಂದರು. ಆಮೇಲೆ ಹಾಳೆಯ ಅಂಚಿನಲ್ಲಿದ್ದ ಒಂದು ಧೂಳಿನ ಚುಕ್ಕೆಯನ್ನು ಮಾತ್ರ ತೆಗೆದು, "ಇದು ನಾನು ಹಾಕಿದ್ದಲ್ಲ" ಎಂದರು.

ಅಂದಿನಿಂದ ಶುಚಿಗೊಳಿಸುವ ಕೆಲಸವನ್ನು ನಾನು ಬೇರೆ ರೀತಿಯಲ್ಲಿ ನೋಡುತ್ತಿದ್ದೇನೆ. ಕೈ ಹಾಕಿದ್ದು ಉಳಿಯಬೇಕು, ಯಂತ್ರ ಹಾಕಿದ್ದು ಹೋಗಬೇಕು. ಆದರೆ ಇದನ್ನು ಪಾಲಿಸಬೇಕಾದರೆ ಯಂತ್ರ ಏನೇನು ಹಾಕುತ್ತದೆ ಎಂಬುದು ಗೊತ್ತಿರಬೇಕು.

ಮೊದಲನೆಯದು ರೆಸಲ್ಯೂಶನ್. ಎ4 ಹಾಳೆಯನ್ನು 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕೆಗಳಂತೆ, ಸ್ಕ್ಯಾನ್ ಮಾಡಿದರೆ 2480 × 3508 ಪಿಕ್ಸೆಲ್ ಸಿಗುತ್ತದೆ. 600ರಲ್ಲಿ ಮಾಡಿದರೆ 4960 × 7016, ಅಂದರೆ ಸುಮಾರು ಮೂರೂವರೆ ಕೋಟಿ ಪಿಕ್ಸೆಲ್. ಅದೇ ಅಳತೆಯಲ್ಲಿ ಅಚ್ಚಾಗುವ ಬಣ್ಣದ ಚಿತ್ರಕ್ಕೆ 300 ಸಾಕು. ಆದರೆ ಪೆನ್ಸಿಲಿನ ಕಣಕಣವಾದ ಅಂಚು 300ರಲ್ಲಿ ಬೂದು ಮಸುಕಾಗಿ ಕರಗಿಬಿಡುತ್ತದೆ. 600ರಲ್ಲಿ ಅದು ಕಣವಾಗಿಯೇ ಉಳಿಯುತ್ತದೆ. ಕೊನೆಗೆ ಚಿಕ್ಕದು ಮಾಡಬೇಕಾಗಿ ಬಂದರೂ ಕೆಲಸ ಮಾಡುವಷ್ಟು ಹೊತ್ತು ಆ ವಿವರ ಕೈಯಲ್ಲಿರುವುದು ಒಳ್ಳೆಯದು. ಎರಡನೆಯದು, ಕಪ್ಪು-ಬಿಳುಪು ಗೆರೆಚಿತ್ರಕ್ಕೆಂದು ಇರುವ ಆಯ್ಕೆಯನ್ನು ಪೆನ್ಸಿಲಿಗೆ ಬಳಸಲೇಬಾರದು. ಅದು ಪ್ರತಿ ಪಿಕ್ಸೆಲನ್ನೂ ಕಪ್ಪು ಅಥವಾ ಬಿಳಿ ಎಂದು ತೀರ್ಮಾನಿಸಿಬಿಡುತ್ತದೆ. ಮಸಿಯ ಗೆರೆಗೆ, ಅದೂ ಹೆಚ್ಚಿನ ರೆಸಲ್ಯೂಶನ್ ಇದ್ದಾಗ, ಅದು ಸರಿ. ಪೆನ್ಸಿಲಿಗೆ ಕನಿಷ್ಠ 256 ಛಾಯೆಗಳ ಬೂದು ಬೇಕು.

ಕಾಗದದ ಒರಟುತನ ಕೆಲವು ಸ್ಕ್ಯಾನುಗಳಲ್ಲಿ ಅತಿಯಾಗಿ ಎದ್ದು ಕಾಣುತ್ತದೆ. ಅನೇಕ ಸ್ಕ್ಯಾನರುಗಳಲ್ಲಿ ಬೆಳಕು ಒಂದೇ ಬದಿಯಿಂದ ಓರೆಯಾಗಿ ಬೀಳುವುದು ಇದಕ್ಕೆ ಕಾರಣ. ಪ್ರತಿ ಉಬ್ಬಿಗೂ ಒಂದು ಪುಟ್ಟ ನೆರಳು ಹುಟ್ಟಿಕೊಳ್ಳುತ್ತದೆ. ಹಾಳೆಯನ್ನು ಒಮ್ಮೆ ನೇರವಾಗಿಯೂ ಇನ್ನೊಮ್ಮೆ ತಲೆಕೆಳಗಾಗಿಯೂ ಇಟ್ಟು ಸ್ಕ್ಯಾನ್ ಮಾಡಿ, ಎರಡನೆಯದನ್ನು ತಿರುಗಿಸಿ ಮೊದಲನೆಯದರ ಮೇಲೆ ಕರಾರುವಾಕ್ಕಾಗಿ ಕೂರಿಸಿ, ಅರ್ಧ ಪಾರದರ್ಶಕಗೊಳಿಸಿದರೆ ಎದುರುಬದುರಿನ ನೆರಳುಗಳು ಪರಸ್ಪರ ಅಳಿಸಿಕೊಂಡು ಬಣ್ಣವಷ್ಟೇ ಉಳಿಯುತ್ತದೆ. ಜಲವರ್ಣದ ಒರಟು ಕಾಗದಕ್ಕೆ ಈ ಉಪಾಯ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ನೀರು ಕುಡಿದು ಉಬ್ಬಿದ ಹಾಳೆಗೆ ಮಾತ್ರ ಬೇರೆ ಎಚ್ಚರ ಬೇಕು: ತೆಳ್ಳಗಿರುವ ಸಿಐಎಸ್ ಬಗೆಯ ಸ್ಕ್ಯಾನರುಗಳ ಸಂವೇದಕ ಗಾಜಿಗೆ ತೀರ ಹತ್ತಿರವಿರುವುದರಿಂದ ಗಾಜಿನಿಂದ ಸ್ವಲ್ಪವೇ ಮೇಲೆದ್ದ ಭಾಗವೂ ಮಸುಕಾಗುತ್ತದೆ, ಕನ್ನಡಿ ಮತ್ತು ಮಸೂರಗಳಿರುವ ದಪ್ಪನೆಯ ಸಿಸಿಡಿ ಸ್ಕ್ಯಾನರು ಅಂಥದ್ದನ್ನು ಸಹಿಸಿಕೊಳ್ಳುತ್ತದೆ. ಗ್ರಾಫೈಟಿಗೆ ಹೊಳಪಿರುವುದರಿಂದ 6ಬಿಯಂಥ ಮೆತ್ತನೆಯ ಪೆನ್ಸಿಲಿನಿಂದ ಗಾಢವಾಗಿ ತುಂಬಿದ ಕಡೆಗಳು ಬೆಳಕನ್ನು ಹಿಂದಕ್ಕೆ ಎಸೆದು, ಕಾಗದದಲ್ಲಿ ಕಾಣುವುದಕ್ಕಿಂತ ಪರದೆಯಲ್ಲಿ ತೆಳುವಾಗಿ ಕಾಣುವುದೂ ಉಂಟು. ಮೊಬೈಲಿನಲ್ಲಿ ಫೋಟೋ ತೆಗೆದೂ ಕೆಲಸ ಸಾಗಿಸಬಹುದು, ಆದರೆ ಮಸೂರದ ಬಾಗು ಮತ್ತು ಅಸಮ ಬೆಳಕು ಎರಡನ್ನೂ ಆಮೇಲೆ ತಿದ್ದಬೇಕಾಗುತ್ತದೆ.

ಲೆವೆಲ್ಸ್ ವಿಷಯದಲ್ಲಿ ನನ್ನ ಅಭ್ಯಾಸ ಇಷ್ಟೇ: ಬಿಳಿಯ ತುದಿಯನ್ನು ಕಾಗದ ಇನ್ನೇನು ಶುದ್ಧ ಬಿಳಿಯಾಗಬೇಕು ಎನ್ನುವಲ್ಲಿ ನಿಲ್ಲಿಸುತ್ತೇನೆ, ದಾಟಿಸುವುದಿಲ್ಲ. ಅತ್ಯಂತ ತೆಳುವಾದ ಹುಡುಕಾಟದ ಗೆರೆಗಳು ಇರುವುದು ಆ ಕೊನೆಯ ಕೆಲವು ಛಾಯೆಗಳಲ್ಲೇ. ಕಾಗೆಯ ರೆಕ್ಕೆಯನ್ನು ಎತ್ತಿದ ಗೆರೆಗಳೂ ಅಲ್ಲೇ ಇದ್ದವು.

ಗುಣಿಸುವ ಲೇಯರ್

ಚಿತ್ರ ತಿದ್ದುವ ತಂತ್ರಾಂಶವಾದ ಫೋಟೋಶಾಪ್ 1990ರಲ್ಲಿ ಬಂದಿತಾದರೂ ಅದಕ್ಕೆ ಲೇಯರುಗಳು ಸೇರಿದ್ದು 1994ರ ಮೂರನೆಯ ಆವೃತ್ತಿಯಲ್ಲಿ. ಲೇಯರ್ ಎಂಬ ಕಲ್ಪನೆ ಅದಕ್ಕಿಂತ ಬಹಳ ಹಳೆಯದು. 1910ರ ದಶಕದಿಂದಲೇ ಅನಿಮೇಷನ್ ಮಾಡುವವರು ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆಗಳ ಮೇಲೆ ಪಾತ್ರಗಳನ್ನು ಬರೆದು ಹಿನ್ನೆಲೆಯ ಮೇಲೆ ಹಾಸುತ್ತಿದ್ದರು. ಆದರೆ ನನ್ನಂಥವರ ಕೆಲಸ ಸಾಧ್ಯವಾದದ್ದು ಲೇಯರಿಗಿಂತ ಹೆಚ್ಚಾಗಿ ಮಲ್ಟಿಪ್ಲೈ ಎಂಬ ಬೆರೆಸುವ ವಿಧಾನದಿಂದ. ಅದರ ಲೆಕ್ಕ ಸರಳವಾಗಿದೆ. ಬಿಳಿಯನ್ನು 1, ಕಪ್ಪನ್ನು 0 ಎಂದು ಇಟ್ಟುಕೊಂಡು ಮೇಲಿನ ಲೇಯರಿನ ಬೆಲೆಯನ್ನು ಕೆಳಗಿನದರ ಬೆಲೆಯಿಂದ ಗುಣಿಸುತ್ತದೆ. ಬಿಳಿಯಿದ್ದಲ್ಲಿ ಕೆಳಗಿನ ಬಣ್ಣ ಹಾಗೆಯೇ ಉಳಿಯುತ್ತದೆ, ಕಪ್ಪಿದ್ದಲ್ಲಿ ಕಪ್ಪಾಗುತ್ತದೆ, ನಡುವಿನ ಬೂದು ಕೆಳಗಿನ ಬಣ್ಣವನ್ನು ಅಷ್ಟರಮಟ್ಟಿಗೆ ಗಾಢವಾಗಿಸುತ್ತದೆ. ಪೆನ್ಸಿಲ್ ಹಾಳೆಯನ್ನು ಮೇಲಿಟ್ಟು ಮಲ್ಟಿಪ್ಲೈ ಎಂದು ಬದಲಿಸಿದರೆ, ಕಾಗದದ ಬಿಳಿ ಮಾಯವಾಗಿ ಗೆರೆ ಮಾತ್ರ ಬಣ್ಣದ ಮೇಲೆ ತೇಲುತ್ತದೆ. ಒಂದು ಗೆರೆಯನ್ನೂ ಕತ್ತರಿಸಬೇಕಾಗಿಲ್ಲ, ಒಂದು ಅಂಚನ್ನೂ ಆರಿಸಬೇಕಾಗಿಲ್ಲ. ಕರಡಿನ ಯಾವ ಗೆರೆ ಸರಿ, ಯಾವುದು ತಪ್ಪು ಎಂಬ ತೀರ್ಪನ್ನೂ ಅದು ಕೇಳುವುದಿಲ್ಲ. ಕರಡನ್ನು ಮುಗಿದ ಚಿತ್ರದೊಳಕ್ಕೆ ಹಾಗೆಯೇ ತರುವುದಕ್ಕೆ ಇದಕ್ಕಿಂತ ದೊಡ್ಡ ಸಹಾಯ ನನಗೆ ಬೇರೆ ಯಾವುದರಿಂದಲೂ ಸಿಕ್ಕಿಲ್ಲ.

ಹೀಗೆ ಮಾಡುವಾಗ ಪೆನ್ಸಿಲಿನ ಬೂದು ಬಣ್ಣ ಕೆಳಗಿನ ಬಣ್ಣವನ್ನು ಸ್ವಲ್ಪ ಕೊಳಕಾಗಿಸುತ್ತದೆ, ಮುಖ್ಯವಾಗಿ ಹಳದಿಯನ್ನು. ಗ್ರಾಫೈಟಿನ ಜಾಗದಲ್ಲಿ ಗೆರೆಗೆ ಬೇರೆ ಬಣ್ಣ ಕೊಡುವುದು ಅದಕ್ಕೆ ಪರಿಹಾರ. ಬಿಸಿಲಿನ ಕಡೆ ಕಂದು, ನೆರಳಿನ ಕಡೆ ನೀಲಿ. ಗೆರೆಯ ಕಣ ಅದೇ ಇರುತ್ತದೆ, ಒತ್ತಡದ ಏರಿಳಿತ ಅದೇ ಇರುತ್ತದೆ, ಬಣ್ಣ ಮಾತ್ರ ಸ್ಥಳಕ್ಕೆ ತಕ್ಕಂತೆ ಬದಲಾಗುತ್ತದೆ. ಕಾಗದದ ಮೇಲೆ ಒಂದೇ ಪೆನ್ಸಿಲ್ ಗೆರೆಯನ್ನು ಉದ್ದಕ್ಕೂ ಕಂದಿನಿಂದ ನೀಲಿಗೆ ತಿರುಗಿಸಲು ಸಾಧ್ಯವಿಲ್ಲ. ಪರದೆಗೆ ಮಾತ್ರ ಸಾಧ್ಯವಾದದ್ದು ಎಂದು ಮೇಲೆ ಹೇಳಿದ್ದು ಇಂಥದ್ದನ್ನು ಮನಸ್ಸಿನಲ್ಲಿಟ್ಟುಕೊಂಡೇ.

ಇನ್ನು ಕೆಲವು ಗೆರೆಗಳು ಖಂಡಿತವಾಗಿ ಕಾಣಬಾರದು: ದೂರ-ಹತ್ತಿರವನ್ನು ಲೆಕ್ಕಹಾಕಲು ಎಳೆಯುವ ದೃಷ್ಟಿಕೋನದ ಗೆರೆಗಳು, ತಲೆ-ಮೈ ಅಳತೆಯ ಗುರುತುಗಳು. ಇದಕ್ಕೆ ಅಚ್ಚುಕೂಟದ ಕಾಲದಿಂದ ಬಂದ ಒಂದು ಉಪಾಯವಿದೆ, ತಿಳಿನೀಲಿ ಪೆನ್ಸಿಲ್. ಅಂದಿನ ಅಚ್ಚಿನ ಕ್ಯಾಮೆರಾಗಳಲ್ಲಿ ಬಳಸುತ್ತಿದ್ದ ಫಿಲ್ಮ್ ನೀಲಿ ಬೆಳಕಿಗೆ ಬಹಳ ಸಂವೇದಿಯಾಗಿದ್ದುದರಿಂದ ತಿಳಿನೀಲಿ ಗೆರೆಯೂ ಬಿಳಿ ಕಾಗದವೂ ಅದಕ್ಕೆ ಒಂದೇ ಆಗಿ ಕಾಣುತ್ತಿದ್ದವು. ಆದ್ದರಿಂದ ನೀಲಿಯಲ್ಲಿ ಕರಡು ಬರೆದು ಮೇಲೆ ಮಸಿಯಲ್ಲಿ ಗೆರೆ ಎತ್ತಿದರೆ ಕರಡನ್ನು ಅಳಿಸುವ ಶ್ರಮವೇ ಇರಲಿಲ್ಲ. ಆ ಫಿಲ್ಮ್ ಇಂದು ನಮ್ಮ ಕೆಲಸದಲ್ಲಿಲ್ಲ, ಆದರೆ ಅದೇ ತತ್ವ ಸ್ಕ್ಯಾನಿನೊಳಗೆ ಜೀವಂತವಾಗಿದೆ. ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಕೆಂಪು, ಹಸಿರು, ನೀಲಿ ಚಾನೆಲುಗಳನ್ನು, ಅಂದರೆ ಚಿತ್ರದಲ್ಲಿ ಆಯಾ ಬಣ್ಣದ ಬೆಳಕಿನ ಪಾಲನ್ನು, ಬೇರೆಬೇರೆಯಾಗಿ ನೋಡಿದರೆ ನೀಲಿ ಚಾನೆಲಿನಲ್ಲಿ ತಿಳಿನೀಲಿ ಗೆರೆ ಬಹುಮಟ್ಟಿಗೆ ಕಾಣೆಯಾಗಿರುತ್ತದೆ. ಕೆಂಪು ಚಾನೆಲಿನಲ್ಲಿ ಅದು ಅತ್ಯಂತ ಸ್ಪಷ್ಟವಾಗಿರುತ್ತದೆ. ಕೆಂಪು ಪೆನ್ಸಿಲಿಗೆ ಇದೇ ಲೆಕ್ಕ ತಿರುವುಮುರುವು. ಹೀಗಾಗಿ ನಾನು ಅಳತೆಯನ್ನು ನೀಲಿಯಲ್ಲೂ ಹುಡುಕಾಟವನ್ನು ಗ್ರಾಫೈಟಿನಲ್ಲೂ ಬರೆಯುತ್ತೇನೆ. ಸ್ಕ್ಯಾನ್ ಆದ ಮೇಲೆ ಅಳತೆ ಹೋಗುತ್ತದೆ, ಹುಡುಕಾಟ ಉಳಿಯುತ್ತದೆ. ಯಾವುದನ್ನು ಉಳಿಸಬೇಕು ಎಂಬ ನಿರ್ಧಾರ ಪೆನ್ಸಿಲ್ ಕೈಗೆತ್ತಿಕೊಂಡಾಗಲೇ ಆಗಿಹೋಗಿರುತ್ತದೆ, ಅದೂ ಗೆರೆ ಇನ್ನೂ ಬಿಸಿಯಾಗಿರುವಾಗ.

ಬಣ್ಣ ಎಲ್ಲಿಂದ ಬರಬೇಕು

ಬಣ್ಣವನ್ನು ಪೂರ್ತಿ ಪರದೆಯಲ್ಲೇ ತುಂಬುವುದು ಬೇಗ ಆಗುವ ಕೆಲಸ, ಹಾಗೂ ಸಮತಟ್ಟಾದ ಬಣ್ಣ ಬೇಕಾದ ಚಿತ್ರಗಳಿಗೆ ಅದೇ ಸರಿ. ಆದರೆ ಪೆನ್ಸಿಲಿನ ಕಣಕಣವಾದ ಗೆರೆಯ ಕೆಳಗೆ ಒಂದೇ ಸಮನಾದ ಬಣ್ಣ ಹಾಸಿದಾಗ ಎರಡೂ ಒಂದಕ್ಕೊಂದು ಅಂಟುವುದಿಲ್ಲ. ಗೆರೆ ಬೇರೆ ಹಾಳೆಯಿಂದ ಬಂದಂತೆ ತೋರುತ್ತದೆ. ನಾನು ಜಲವರ್ಣದ ಲೇಪಗಳನ್ನು ಬೇರೊಂದು ಕಾಗದದಲ್ಲಿ, ಯಾವ ಚಿತ್ರವನ್ನೂ ಮನಸ್ಸಿನಲ್ಲಿಟ್ಟುಕೊಳ್ಳದೆ, ಕೇವಲ ಲೇಪಗಳಾಗಿ ಹಾಕಿ ಒಣಗಿಸಿ ಸ್ಕ್ಯಾನ್ ಮಾಡಿಟ್ಟುಕೊಳ್ಳುತ್ತೇನೆ: ಒಂದು ಕಡೆಯಿಂದ ಇನ್ನೊಂದಕ್ಕೆ ತೆಳುವಾಗುವ ಲೇಪ, ಹಸಿಯಲ್ಲಿ ಹಸಿ ಹರಡಿದ ಲೇಪ, ವರ್ಣಕಣಗಳು ಕಾಗದದ ತಗ್ಗುಗಳಲ್ಲಿ ಕೂತು ಮರಳುಮರಳಾದ ಲೇಪ. ಅಲ್ಟ್ರಾಮರೀನ್ ನೀಲಿ ಹೀಗೆ ಮರಳಾಗುವುದರಲ್ಲಿ ವಿಶೇಷ ಚೆಂದ. ಪರದೆಯ ಮೇಲೆ ಇವನ್ನು ಬೇಕಾದ ಆಕಾರದೊಳಗೆ ಇರಿಸಿ, ಬಣ್ಣ ಬದಲಿಸಿ, ಗಾಢ-ತೆಳು ಹೊಂದಿಸುತ್ತೇನೆ. ಆಕಾಶದ ತುಂಡು ಕಾಗೆಯ ಬೆನ್ನಿನ ಹೊಳಪಾಗಬಹುದು. ನೀರು ತಾನಾಗಿ ಮಾಡಿದ್ದನ್ನು ಯಾವ ಬ್ರಷ್ಷೂ ಅಷ್ಟು ಸಹಜವಾಗಿ ಮಾಡುವುದನ್ನು ನಾನು ಕಂಡಿಲ್ಲ. ಹಾಗೆಯೇ, ಒಣಗಿದ ಲೇಪದ ಬಣ್ಣವನ್ನು ಪರದೆಯಷ್ಟು ಸಲೀಸಾಗಿ ಬದಲಿಸುವ ಕುಂಚವೂ ಇಲ್ಲ.

ಅಚ್ಚಿನ ವಿಷಯ ಬಂದಾಗ ಒಂದೆರಡು ಮಾತು ಸಾಕು. ಪರದೆ ಕೆಂಪು, ಹಸಿರು, ನೀಲಿ ಬೆಳಕಿನಿಂದ ಬಣ್ಣ ಮಾಡುತ್ತದೆ, ಅಚ್ಚು ನಾಲ್ಕು ಮಸಿಗಳಿಂದ. ಪರದೆಯ ಉಜ್ವಲ ನೀಲಿ, ಹಸಿರುಗಳು ಅಚ್ಚಿನಲ್ಲಿ ಮಂಕಾಗುವುದು ಎಲ್ಲರಿಗೂ ಗೊತ್ತಿದೆ. ಕೈಗೆರೆಯ ಮಟ್ಟಿಗೆ ಹೆಚ್ಚು ನೋವಾಗುವುದು ಬೇರೆ ಕಡೆ. ಅಚ್ಚಿನಲ್ಲಿ ಬೂದು ಎಂಬುದು ಸಣ್ಣ ಚುಕ್ಕೆಗಳ ಆಟವಾದ್ದರಿಂದ ತೀರಾ ತೆಳುವಾದ ಛಾಯೆಗಳ ಚುಕ್ಕೆ ಹಿಡಿಯದೇ ಹೋಗಬಹುದು. ಲೆವೆಲ್ಸಿನಲ್ಲಿ ಅಷ್ಟು ಕಾಪಾಡಿದ ತೆಳುಗೆರೆ ಮತ್ತೆ ಅಲ್ಲಿ ಕಳೆದುಹೋಗಬಾರದೆಂದರೆ ಅಚ್ಚಿಗೆ ಕಳಿಸುವ ಪ್ರತಿಯಲ್ಲಿ ಆ ಗೆರೆಗಳನ್ನಷ್ಟೇ ತುಸು ಗಾಢವಾಗಿಸಬೇಕಾಗುತ್ತದೆ.

ಮರಳಿ ಕಾಗದಕ್ಕೆ

ಕಾಗದದಿಂದ ಪರದೆಗೆ ಹೋಗುವುದೊಂದೇ ದಾರಿಯಲ್ಲ. ಬ್ರಿಟಿಷ್ ಚಿತ್ರಕಾರ ಡೇವಿಡ್ ಹಾಕ್ನಿ ಎಪ್ಪತ್ತು ದಾಟಿದ ಮೇಲೆ ಐಫೋನಿನಲ್ಲಿ, 2010ರಿಂದ ಐಪ್ಯಾಡಿನಲ್ಲಿ ಚಿತ್ರ ಬರೆಯತೊಡಗಿದರು. ಹಳ್ಳಿಯ ದಾರಿಯೊಂದರಲ್ಲಿ ವಸಂತ ಬರುವುದನ್ನು ಹೀಗೆ ಬರೆದ ಅವರ ಚಿತ್ರಗಳು ದೊಡ್ಡ ಗಾತ್ರದಲ್ಲಿ ಅಚ್ಚಾಗಿ 2012ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶನಗೊಂಡವು. ನನಗೆ ಅದರಲ್ಲಿ ಹಿಡಿಸಿದ್ದು, ಅವರು ಬಳಸಿದ ಆ್ಯಪ್ ಪ್ರತಿ ಗೆರೆಯನ್ನೂ ನೆನಪಿಟ್ಟುಕೊಂಡು ಚಿತ್ರ ಹುಟ್ಟಿದ ಕ್ರಮವನ್ನು ಮತ್ತೆ ಓಡಿಸಿ ತೋರಿಸುತ್ತಿತ್ತು ಎಂಬುದು. ಲಿಯೊನಾರ್ಡೊನ ಹಾಳೆಯಲ್ಲಿ ಒಂದರ ಮೇಲೊಂದು ಕೂತಿರುವ ಕಾಲ ಇಲ್ಲಿ ಒಂದರ ನಂತರ ಒಂದಾಗಿ ಬಿಚ್ಚಿಕೊಳ್ಳುತ್ತದೆ. ಹುಡುಕಾಟವನ್ನು ಉಳಿಸಿಕೊಳ್ಳುವ ಶಕ್ತಿ ಡಿಜಿಟಲ್ ಮಾಧ್ಯಮಕ್ಕೂ ಇದೆ; ನಾವು ಅದನ್ನು ಬಳಸಿಕೊಳ್ಳುವುದು ಕಡಿಮೆ, ಅಷ್ಟೆ.

ಇತ್ತೀಚೆಗೆ ನಾನು ಹೆಚ್ಚಾಗಿ ತಿರುಗಾಮುರುಗಾ ದಾರಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಚಿತ್ರದ ಒಟ್ಟು ಹೊಂದಾಣಿಕೆಯನ್ನು, ಅಂದರೆ ಯಾವುದು ಎಲ್ಲಿ, ಎಷ್ಟು ದೊಡ್ಡದು, ಬೆಳಕು ಯಾವ ಕಡೆ ಎಂಬುದನ್ನು, ಪರದೆಯ ಮೇಲೆ ಮಾಡಿಕೊಳ್ಳುತ್ತೇನೆ. ಮರವನ್ನು ಎಡಕ್ಕೆ ಸರಿಸಿ ನೋಡುವುದು, ಇಡೀ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಹೊರಳಿಸಿ ಓರೆಕೋರೆ ಹಿಡಿಯುವುದು ಅಲ್ಲಿ ಕ್ಷಣದ ಕೆಲಸ; ಹಾಕಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಂಡೂ ಎಂಬ ಸೌಲಭ್ಯಕ್ಕೆ ಅದು ಸರಿಯಾದ ಜಾಗವೂ ಹೌದು. ಆಮೇಲೆ ಆ ಹೊಂದಾಣಿಕೆಯನ್ನು ತೀರಾ ತಿಳಿನೀಲಿಯಲ್ಲಿ ಜಲವರ್ಣದ ಕಾಗದಕ್ಕೆ ಪ್ರಿಂಟ್ ಮಾಡಿ, ಅದರ ಮೇಲೆ ಪೆನ್ಸಿಲ್ ಹಿಡಿಯುತ್ತೇನೆ. ಪ್ರಿಂಟರಿನಲ್ಲಿ ನೀರಿಗೆ ಕರಗದ ಪಿಗ್ಮೆಂಟ್ ಶಾಯಿ ಇರುವುದು ಮುಖ್ಯ. ಡೈ ಶಾಯಿಯಾದರೆ ಕುಂಚದ ನೀರು ತಾಕಿದೊಡನೆ ನೀಲಿ ಹರಡಿಕೊಳ್ಳುತ್ತದೆ. ಈ ಹಾಳೆಯ ಮೇಲೆ ಅಂಡೂ ಇಲ್ಲ. ಒಂದು ಗೆರೆ ಹಾಕಿದರೆ ಅದು ಇದ್ದೇ ಇರುತ್ತದೆ. ಅಳಿಸಿದರೂ ಅದರ ನೆರಳು ಇರುತ್ತದೆ. ಮುಂದಿನ ಗೆರೆ ಅದಕ್ಕೆ ಉತ್ತರ ಕೊಟ್ಟೇ ಮುಂದೆ ಹೋಗಬೇಕು. ಪರದೆಯಲ್ಲಿ ಹಿಂದಕ್ಕೆ ತೆಗೆದುಕೊಂಡ ಗೆರೆ ಯಾವ ಉತ್ತರವನ್ನೂ ಬೇಡುವುದಿಲ್ಲ. ಕರಡಿನ ಲವಲವಿಕೆ ಎಂದು ನಾವು ಕರೆಯುವುದರಲ್ಲಿ ಹೆಚ್ಚಿನ ಪಾಲು ಗೆರೆಗಳ ನಡುವಿನ ಈ ಸಂಭಾಷಣೆಯೇ ಎಂದು ನನಗೆ ಈಗ ಅನಿಸುತ್ತದೆ. ಹೊಂದಾಣಿಕೆ ಮೊದಲೇ ಗಟ್ಟಿಯಾಗಿರುವುದರಿಂದ ಕೈಗೆ ಹಾಳಾಗುವ ಭಯವಿಲ್ಲ, ಹಿಂದಕ್ಕೆ ತೆಗೆದುಕೊಳ್ಳುವ ಅವಕಾಶವಿಲ್ಲದಿರುವುದರಿಂದ ಉದಾಸೀನವೂ ಇಲ್ಲ. ಆಮೇಲೆ ಮತ್ತೆ ಸ್ಕ್ಯಾನು, ಮತ್ತೆ ಬಣ್ಣ.

ಹೀಗೆ ಹೋಗಿಬಂದು ಮಾಡಿದ ಚಿತ್ರಕ್ಕೆ ಮೂಲ ಯಾವುದು ಎಂದು ಕೇಳುವವರಿದ್ದಾರೆ. ಪ್ರದರ್ಶನಕ್ಕೆ ಕೊಡುವಾಗ, ಮಾರುವಾಗ ಈ ಪ್ರಶ್ನೆ ಬರುವುದು ಸಹಜ, ಕೇಳುವವರಿಗೆ ಸ್ಪಷ್ಟ ಉತ್ತರ ಸಿಗಬೇಕಾದದ್ದೂ ನ್ಯಾಯ. ಕಾಗದದ ಮೇಲಿರುವುದು ಬಣ್ಣವಿಲ್ಲದ ಗೆರೆಚಿತ್ರ, ಅದು ಒಂದೇ ಒಂದು ಪ್ರತಿ. ಬಣ್ಣದ ಚಿತ್ರ ಇರುವುದು ಕಡತದಲ್ಲಿ, ಅದರಿಂದ ಎಷ್ಟಾದರೂ ಪ್ರಿಂಟ್ ತೆಗೆಯಬಹುದು. ಎರಡನ್ನೂ ಹೀಗೆಯೇ ಹೇಳಿ ಕೊಡುತ್ತೇನೆ. ಪ್ರಿಂಟಾದರೆ ಪ್ರಿಂಟೆಂದೇ ಬರೆಯುತ್ತೇನೆ. ಪ್ರತಿ ಹಾಳೆಯ ಹಿಂಬದಿಯಲ್ಲಿ ಯಾವ ಪೆನ್ಸಿಲ್, ಎಷ್ಟು ಡಿಪಿಐ, ಯಾವ ಚಾನೆಲಿನಿಂದ ಗೆರೆ ತೆಗೆದದ್ದು, ಲೆವೆಲ್ಸಿನ ಬಿಳಿ ಎಲ್ಲಿ ನಿಂತಿತು, ಬಣ್ಣದ ಲೇಪಗಳು ಯಾವ ಹಾಳೆಯಿಂದ ಬಂದವು ಎಂಬುದನ್ನೂ ಬರೆದಿಡುತ್ತೇನೆ. ಕಡತ ಕೆಟ್ಟುಹೋದರೆ ಅಷ್ಟರಿಂದಲೇ ಚಿತ್ರವನ್ನು ಮತ್ತೆ ಕಟ್ಟಿಕೊಳ್ಳಬಹುದು.